ಬಾಳೆಕಾಯಿ ಕಟ್ಲೆಟ್ಟಿನ ಕಡ್ಡಿ

ಹೇಮರಾಜರು ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ಅವರ ಹೆಂಡತಿ ಪದ್ಮಲತಾ ಬಸದಿಗೆ ಹೋಗಿ ಬಂದು, ಕುಡಿಯುವ ನೀರು ಸೋಸಿಟ್ಟು, ಚಾವಡಿಯ ಬೆಂಚಿನ ಮೇಲೆ ಕೂತಿದ್ದರು. ಆ ವರ್ಷವಿಡೀ ಅವರದು ಹೀಗೆಯೇ. ಒಂದು ಕೆಲಸ ಮುಗಿದರೆ ಕೂರಬೇಕು; ಕೂತರೆ ಏಳಲು ಮನಸ್ಸಿಲ್ಲ. ಕಾಯಿಲೆ ಏನೂ ಇಲ್ಲವೆಂದು ಡಾಕ್ಟರು ಹೇಳಿದ್ದರು. ನಲವತ್ತೆಂಟು ವರ್ಷ ಒಬ್ಬರಿಗಾಗಿ ನಸುಕಿನಲ್ಲಿ ಎದ್ದ ಮೈ, ಇನ್ನು ಯಾರಿಗಾಗಿ ಏಳುವುದೆಂದು ತಿಳಿಯದೆ ದಣಿದಿತ್ತು, ಅಷ್ಟೆ.

ಹೇಮರಾಜರು ಮೂಡುಬಿದಿರೆಯ ಸುತ್ತಿನ ಜೈನ ಮನೆಗಳ ಅಡುಗೆಯವರು. ಮದುವೆ, ಬಸದಿಯ ಪೂಜೆ, ಹೊಸ ಮನೆಯ ಒಕ್ಕಲು, ಯಾವುದಿದ್ದರೂ ಅವರಿಗೇ ಕರೆ. ಗಡ್ಡೆ ಗೆಣಸು ಮುಟ್ಟದೆ, ಹೊತ್ತು ಮುಳುಗುವ ಮೊದಲು ಎಲೆ ಎತ್ತುವ ಹಾಗೆ ಸಾವಿರ ಜನಕ್ಕೆ ಅಡುಗೆ ಮಾಡಿ ಮುಗಿಸುವವರು ಆ ಕಡೆಯಲ್ಲಿ ಬೇರೆ ಇರಲಿಲ್ಲ. ಅವರ ಕೈಯಿಂದ ಹೆಸರಾದದ್ದು ಬಾಳೆಕಾಯಿ ಕಟ್ಲೆಟ್ಟು. ಬಟಾಟೆಯಿಲ್ಲ, ನೀರುಳ್ಳಿಯಿಲ್ಲ, ಹಸಿ ಶುಂಠಿಯೂ ಇಲ್ಲ. ಬೇಯಿಸಿದ ಬಾಳೆಕಾಯಿ, ಬೀನ್ಸು, ಕಾಯಿಮೆಣಸು, ಒಣಶುಂಠಿಯ ಪುಡಿ, ಮೇಲೆ ರವೆ. ಒಂದು ತುದಿ ಅಗಲ, ಇನ್ನೊಂದು ತುದಿ ಸಪೂರ. ಆ ಸಪೂರ ತುದಿಗೆ ತೆಂಗಿನ ಗರಿಯ ಕಡ್ಡಿಯನ್ನು ಬೆರಳುದ್ದ ಮುರಿದು ಚುಚ್ಚುತ್ತಿದ್ದರು. ಕಡ್ಡಿ ಯಾಕೆಂದು ಕೇಳಿದವರಿಗೆ, ಕಲಿತದ್ದು ಹಾಗೆ ಎಂದು ಹೇಳಿ ಒಲೆಯ ಕಡೆ ತಿರುಗುತ್ತಿದ್ದರು. ಮಕ್ಕಳು ಕಡ್ಡಿ ಹಿಡಿದು ತಿಂದು, ಎಷ್ಟು ತಿಂದೆವೆಂದು ಕಡ್ಡಿ ಎಣಿಸಿ ಜಗಳವಾಡುತ್ತಿದ್ದರು.

ಮೊಮ್ಮಗಳು ತನ್ವಿ ಉಜಿರೆಯ ಹಾಸ್ಟೆಲಿನಲ್ಲಿದ್ದು ಆಹಾರಕ್ಕೆ ಸಂಬಂಧಿಸಿದ ಒಂದು ವಿಷಯ ಓದುತ್ತಿದ್ದಳು. ಊರಿನ ಒಂದು ತಿಂಡಿಯ ಬಗ್ಗೆ ಬರೆದು ತರಬೇಕೆಂದು ಮೇಷ್ಟ್ರು ಹೇಳಿದ್ದರಂತೆ. ಅವಳು ಅಜ್ಜನ ಕಟ್ಲೆಟ್ಟನ್ನೇ ಆರಿಸಿಕೊಂಡಿದ್ದಳು. ಆ ಭಾನುವಾರ ಮನೆಗೆ ಬಂದವಳು, ಅಜ್ಜಿಗೆ ಸಂತೋಷವಾಗಲಿ ಎಂದು ಬರೆದದ್ದನ್ನು ಓದಿ ಹೇಳಿದಳು. ಅಜ್ಜನ ಹೆಸರು ಬಂದಾಗ ಪದ್ಮಲತಾ ಕಣ್ಣೊರೆಸಿಕೊಂಡರು. ಹುಡುಗಿ ಮುಂದಿನ ಪುಟ ತಿರುಗಿಸಿದಳು.

“ಅಜ್ಜಿ, ಇದು ಕೇಳಿ. ಕಟ್ಲೆಟ್ ಅಂದ್ರೆ ಕತ್ತರಿಸಿದ್ದು ಅಂತ ಅಜ್ಜ ಹೇಳ್ತಿದ್ರಲ್ಲ, ಅದು ಹಾಗಲ್ಲ. ಅದು ಫ್ರೆಂಚ್ ಮಾತು. ಅವರ ಭಾಷೆಯಲ್ಲಿ ಕೋತ್ ಅಂದ್ರೆ ಪಕ್ಕೆಲುಬು. ಕೋತ್‌ಲೆತ್ ಅಂದ್ರೆ ಸಣ್ಣ ಪಕ್ಕೆಲುಬು. ಕುರಿಯ ಪಕ್ಕೆಯ ಒಂದೊಂದು ಎಲುಬನ್ನು ಮಾಂಸ ಸಮೇತ ಕಡಿದು ಬೇಯಿಸುವುದು. ಅದು ಇಂಗ್ಲಿಷಿಗೆ ಹೋಗಿ ಕಟ್ಲೆಟ್ ಆಯ್ತು. ಆಮೇಲೆ ನಮ್ಮ ದೇಶದಲ್ಲಿ ಮಾಂಸ ಬಿಟ್ಟು ತರಕಾರಿಯಲ್ಲಿ ಮಾಡಿದ್ರೂ ಹೆಸರು ಹಾಗೇ ಉಳಿಯಿತು.”

ಹುಡುಗಿ ಕಾಗದದ ಮೇಲೆ ಬೆರಳಿಟ್ಟು ಕೊನೆಯ ಸಾಲನ್ನೂ ಓದಿದಳು.

“ಅಜ್ಜ ಹಾಕ್ತಿದ್ದ ಕಡ್ಡಿ ಉಂಟಲ್ಲ, ಅದು ಎಲುಬಿನ ಬದಲಿಗೆ. ನಾನೇ ಕಂಡುಹಿಡಿದದ್ದು ಅದು.”

ಮಾಣಿಕ್ಯ ಸಿಕ್ಕಿದವಳ ಹಾಗೆ ಹುಡುಗಿ ತಲೆಯೆತ್ತಿ ನೋಡಿದಳು. ಅಜ್ಜಿಯ ಮುಖ ಬಿಳಿಚಿಕೊಂಡಿತ್ತು.

ಬೇರೆಯವರಿಗೆ ಇದು ನಗುವ ಸಂಗತಿಯಾಗಬಹುದಿತ್ತು. ಪದ್ಮಲತಾ ಹುಟ್ಟಿದ ಮನೆಯಲ್ಲಿ ಹಾಗಿರಲಿಲ್ಲ. ಕೈಯಿಂದ ಮಾಡಿದ ಹಿಂಸೆ ಒಂದು, ಮನಸ್ಸಿನಿಂದ ಮಾಡಿದ್ದು ಇನ್ನೊಂದು. ಎರಡನೆಯದು ಕಣ್ಣಿಗೆ ಕಾಣದಿದ್ದರೂ ಜೀವಕ್ಕೆ ಅಂಟಿಕೊಳ್ಳುತ್ತದೆ ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವರು. ಬಾಳೆಕಾಯಿಯನ್ನು ಬಾಳೆಕಾಯಿಯೆಂದು ತಿಂದರೆ ಊಟ. ಅದನ್ನೇ ಎಲುಬಿನ ಆಕಾರಕ್ಕೆ ತಟ್ಟಿ, ಎಲುಬಿನ ಜಾಗಕ್ಕೆ ಕಡ್ಡಿ ಚುಚ್ಚಿ, ಎಲುಬಿನ ಹೆಸರಿಟ್ಟು, ಅಭಿಷೇಕ ಮುಗಿಸಿ ಬಂದವರ ಎಲೆಗೆ ಬಡಿಸಿದರೆ ಅದೇನು? ತಿಳಿಯದೆ ಮಾಡಿದರೆ ಒಂದು ಮಾತು. ಆದರೆ ಅವರು ತಿಳಿದೇ ಮಾಡಿದ್ದರೆ?

ತಿಳಿದೇ ಮಾಡಿದ್ದರೆಂಬ ಅನುಮಾನಕ್ಕೆ ಕಾರಣವೂ ಇತ್ತು. ಹೇಮರಾಜರು ಆ ಕಟ್ಲೆಟ್ಟನ್ನು ಜೀವಮಾನದಲ್ಲಿ ಒಮ್ಮೆಯೂ ಬಾಯಿಗಿಟ್ಟವರಲ್ಲ. ಹೊಗೆ ಕುಡಿದು ಹೊಟ್ಟೆ ತುಂಬಿದೆ ಎನ್ನುತ್ತಿದ್ದರು. ಅಡುಗೆಯವರೆಲ್ಲ ಹೇಳುವ ಮಾತಲ್ಲವೇ ಎಂದು ಹೆಂಡತಿ ನಂಬಿದ್ದರು. ಆದರೆ ಹೋಳಿಗೆಯನ್ನೋ ಪಾಯಸವನ್ನೋ ಅವರು ಬಿಟ್ಟವರಲ್ಲ.

ಕೊನೆಯ ದಿನಗಳದ್ದು ಇನ್ನೊಂದು ಸಂಗತಿ. ಸಾವು ಹತ್ತಿರವಾಯಿತೆಂದು ತಿಳಿದು ಹೇಮರಾಜರು ಒಂದೊಂದಾಗಿ ಉಪ್ಪು ಬಿಟ್ಟರು, ಬೆಲ್ಲ ಬಿಟ್ಟರು, ಹಾಲು ಬಿಟ್ಟರು. ಪಂಚನಮಸ್ಕಾರ ಮಂತ್ರ ಕಿವಿಯಲ್ಲಿ ಬೀಳುತ್ತಿರುವಾಗ ಮನೆಯವರಿಗೆ, ನೆರೆಯವರಿಗೆ, ಜತೆಯಲ್ಲಿ ದುಡಿದವರಿಗೆ ಒಬ್ಬೊಬ್ಬರಿಗೂ ಕೈಮುಗಿದು ಕ್ಷಮೆ ಕೇಳಿದರು. ಎಲ್ಲ ಮುಗಿಯಿತಲ್ಲ, ನಿಶ್ಚಿಂತೆಯಿಂದಿರಿ ಎಂದು ಪದ್ಮಲತಾ ಹೇಳಿದ್ದಕ್ಕೆ, “ಒಬ್ಬರಲ್ಲಿ ಕೇಳುವುದು ಬಾಕಿ ಉಂಟು” ಎಂದರು. ಯಾರಲ್ಲಿ ಎಂದು ಕೇಳುವಷ್ಟರಲ್ಲಿ ಮಾತು ನಿಂತಿತ್ತು. ಮಾರನೆಯ ದಿನ ಉಸಿರೂ ನಿಂತಿತು. ಹನ್ನೊಂದು ತಿಂಗಳಿನಿಂದ ಆ ಮಾತು ಪದ್ಮಲತಾರ ಎದೆಯಲ್ಲಿ ಹಾಗೆಯೇ ಕೂತಿತ್ತು. ಈಗ ಈ ಎಲುಬೂ ಅದರ ಪಕ್ಕದಲ್ಲಿ ಬಂದು ಕೂತಿತು.

ಇನ್ನೊಂದು ತಿಂಗಳಿಗೆ ವರ್ಷದ ನೆನಪು. ಬಸದಿಯಲ್ಲಿ ಅಭಿಷೇಕ, ಆಮೇಲೆ ಮುನ್ನೂರು ಎಲೆಯ ಊಟ. ಮಗ ಜಯೇಶ್ ತಂದೆಯ ಕಸುಬನ್ನೇ ಹಿಡಿದವನು. ಎಲ್ಲರ ಎಲೆಗೂ ಅಪ್ಪನ ಕಡ್ಡಿ ಕಟ್ಲೆಟ್ಟು ಬೀಳಬೇಕೆಂದು ಅವನು ಆಗಲೇ ಬಾಳೆಕಾಯಿಗೆ ಹೇಳಿ ಬಂದಿದ್ದ. ಅದನ್ನು ಮಾಡುವುದು ಬೇಡವೆಂದು ತಾಯಿ ಅವನನ್ನು ಕರೆದು ಹೇಳಿದರು, ಕಾರಣವನ್ನೂ ಹೇಳಿದರು. ಅವನು ಕೇಳಿ ನಕ್ಕ.

“ತಿಂದದ್ದು ಬಾಳೆಕಾಯಿ ಅಮ್ಮ. ಬಾಳೆಕಾಯಿಗೆ ಪಕ್ಕೆಲುಬು ಉಂಟಾ?”

“ಕಡ್ಡಿ ಯಾಕೆ ಹಾಕಿದ್ರು, ಅದು ಹೇಳು.”

ಬಸದಿಯಲ್ಲಿ ಪೂಜೆ ಮಾಡುವ ಇಂದ್ರರಲ್ಲಿ ಕೇಳಿ ನೋಡುವ ಎಂದ ಜಯೇಶ್. ಪದ್ಮಲತಾ ಒಪ್ಪಲಿಲ್ಲ. ಪುರೋಹಿತರಲ್ಲಿ ಕೇಳಿದ ಮಾತು ಪೇಟೆಯಲ್ಲಿ ಉಳಿಯುತ್ತದೆ. ಆ ಕಟ್ಲೆಟ್ಟನ್ನು ತಿಂದ ಮನೆಗಳು ಎಷ್ಟು, ತಿಂದು ಹರಸಿದ ಹಿರಿಯರು ಎಷ್ಟು! ಸತ್ತವರ ಹೆಸರು ಊರ ಬಾಯಿಗೆ ಬೀಳಲು ತಾನೇ ಬಾಗಿಲು ತೆರೆದಂತಾಗುತ್ತದೆ ಎಂದುಕೊಂಡರು. ಆದರೆ ನಿಜ ಗೊತ್ತಾಗದೆ ವರ್ಷದ ಊಟದ ಆ ಎಲೆಗಳ ಮುಂದೆ ನಿಲ್ಲುವ ಹಾಗೂ ಇರಲಿಲ್ಲ.

ಎರಡು ದಿನ ಯೋಚಿಸಿದ ಮೇಲೆ ಕಕ್ಕಿಂಜೆ ನೆನಪಾಯಿತು. ಕಟ್ಲೆಟ್ಟು ಮಾಡಿದ ದಿನವೆಲ್ಲ ಹೇಮರಾಜರು ಮೊದಲ ಬಾಣಲೆಯ ಹನ್ನೆರಡನ್ನು ಬಾಳೆ ಎಲೆಯಲ್ಲಿ ಕಟ್ಟಿ, ಬೆಳ್ತಂಗಡಿಯ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದರು. ಕಕ್ಕಿಂಜೆಯ ಹನೀಫಾನಿಗೆ ಎಂದು ಹೇಳಿ ಕೊಡುತ್ತಿದ್ದರು. ಹನೀಫಾ ಯಾರೆಂದು ಒಮ್ಮೆ ಕೇಳಿದ್ದಕ್ಕೆ, ಘಾಟಿಯ ಮೇಲೆ ಕಾಫಿ ತೋಟದವರ ಕ್ಲಬ್ಬಿನ ಅಡುಗೆಮನೆಯಲ್ಲಿ ಒಟ್ಟಿಗಿದ್ದವ ಎಂದಿದ್ದರು. ಆ ಮನುಷ್ಯ ಇವರ ಮನೆಗೆ ಬಂದದ್ದಿಲ್ಲ. ಇವರು ಅಲ್ಲಿಗೆ ಹೋದದ್ದೂ ಇಲ್ಲ. ಸಾವಿನ ಸುದ್ದಿಯನ್ನು ಕೂಡ ಯಾರೂ ತಿಳಿಸಿರಲಿಲ್ಲ.

ಗುರುವಾರ ಪದ್ಮಲತಾ ಸೋಸಿದ ನೀರಿನ ಬಾಟಲಿ ಹಿಡಿದು ಹೊರಟರು. ವೇಣೂರು, ಗುರುವಾಯನಕೆರೆ ದಾಟಿ ಬೆಳ್ತಂಗಡಿ. ಅಲ್ಲಿಂದ ಇನ್ನೊಂದು ಬಸ್ಸು. ಉಜಿರೆಯಲ್ಲಿ ತನ್ವಿ ಹತ್ತಿದಳು. ತಾನು ಓದಿದ್ದರಿಂದಲೇ ಇಷ್ಟೆಲ್ಲ ಆಯಿತೆಂದು ಅವಳ ಮುಖ ಸಣ್ಣದಾಗಿತ್ತು. ಆ ಪುಟ ತೆಗೆದುಬಿಡುತ್ತೇನೆ ಎಂದಳು. ಪದ್ಮಲತಾ ಸುಮ್ಮನೆ ಅವಳ ಕೈಮೇಲೆ ಕೈಯಿಟ್ಟರು. ಹುಡುಗಿಯನ್ನು ಸಮಾಧಾನ ಮಾಡುವಷ್ಟು ತ್ರಾಣವೂ ಅವರಲ್ಲಿರಲಿಲ್ಲ.

ಹನೀಫಾರ ಮನೆ ಕಕ್ಕಿಂಜೆ ಪೇಟೆಯಿಂದ ನಾಲ್ಕು ಹೆಜ್ಜೆ ಒಳಗೆ. ಎಪ್ಪತ್ತು ದಾಟಿದ ಮನುಷ್ಯ, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಜಗಲಿಯಲ್ಲಿ ಕುರ್ಚಿ ಹಾಕಿ ಕೂತಿದ್ದರು. ಮೂಡುಬಿದಿರೆಯ ಹೇಮರಾಜರ ಮನೆಯವರು ಎಂದು ತನ್ವಿ ಹೇಳಿದ ಕೂಡಲೇ ಕುರ್ಚಿಯ ಕೈ ಹಿಡಿದು ಎದ್ದರು. ಪದ್ಮಲತಾರ ಬರಿ ಹಣೆಯನ್ನು ನೋಡಿ ಮತ್ತೆ ಕೂತರು.

“ಪೊಟ್ಟಣ ಬರ್ಲಿಲ್ಲ ಒಂದು ವರ್ಷ. ನಾನು ಅಂದಾಜು ಮಾಡಿದೆ.”

ಅವರ ಹೆಂಡತಿ ಅವ್ವಮ್ಮ ಒಳಗಿನಿಂದ ಎಳನೀರಿನ ಬೊಂಡ ಕೆತ್ತಿ ತಂದರು. ಬಂದವರು ತೆಗೆದುಕೊಳ್ಳಲು ಹಿಂಜರಿದದ್ದನ್ನು ಕಂಡು, “ನಮ್ಮಲ್ಲಿ ನೀವು ಏನೂ ತಗೊಳ್ಳುವುದಿಲ್ಲ ಅಂತ ಗೊತ್ತುಂಟು. ಇದು ಮರದಿಂದ ಈಗ ಇಳಿದದ್ದು, ಒಳಗೆ ಏನುಂಟು ಅಂತ ನಾನೂ ನೋಡ್ಲಿಲ್ಲ” ಎಂದರು. ಪದ್ಮಲತಾರಿಗೆ ಎಷ್ಟೋ ದಿನದ ಮೇಲೆ ನಗು ಬಂದ ಹಾಗಾಯಿತು. ಬೊಂಡ ಕುಡಿದರು.

ಆಮೇಲೆ ಬಂದ ಸಂಗತಿ ಹೇಳಿದರು. ಮಾತಿನ ಮೂಲ, ಪಕ್ಕೆಲುಬು, ಕಡ್ಡಿ. ಅವರಿಗೆ ಇದು ಗೊತ್ತಿತ್ತೇ ಎಂದು ಮಾತ್ರ ಕೇಳಿದರು.

ಗೊತ್ತಿತ್ತು ಎಂದರು ಹನೀಫಾ. ಫ್ರಾನ್ಸು ಗೀನ್ಸು ತಮಗಿಬ್ಬರಿಗೂ ಗೊತ್ತಿರಲಿಲ್ಲ. ಆದರೆ ಎಲುಬಿಲ್ಲದ್ದು ಕಟ್ಲೆಟ್ಟೇ ಅಲ್ಲ ಎಂದು ಆ ಕ್ಲಬ್ಬಿನ ಬಟ್ಲರ್ ದಿನಕ್ಕೆ ಹತ್ತು ಸಲ ಹೇಳುತ್ತಿದ್ದನಂತೆ. ಕಾಫಿ ತೋಟದ ಬಿಳಿಯ ದೊರೆಗಳು ಹೋಗಿ ವರ್ಷಗಳಾಗಿದ್ದರೂ ಅವರ ಅಡುಗೆ ಹೋಗಿರಲಿಲ್ಲ. ಹನೀಫಾ ಮಾಂಸದ ಕಡೆ, ಹೇಮರಾಜ ತರಕಾರಿಯ ಕಡೆ. ಕುರಿಯ ಕಟ್ಲೆಟ್ಟು ಇವರದು, ಬಾಳೆಕಾಯಿಯದು ಅವರದು. ಎರಡಕ್ಕೂ ಒಂದೇ ಆಕಾರ ಇರಬೇಕು, ಮೇಜಿನ ಮೇಲೆ ಚಂದ ಕಾಣಬೇಕು ಎಂಬುದು ಬಟ್ಲರನ ಹಠ.

ಮುಂದಿನದನ್ನು ಹೇಳಬೇಕೋ ಬೇಡವೋ ಎಂದು ಹನೀಫಾ ಹೆಂಡತಿಯ ಮುಖ ನೋಡಿದರು. ಹೇಳಿ, ಅಷ್ಟು ದೂರದಿಂದ ಬಂದಿದ್ದಾರೆ ಎಂದರು ಅವ್ವಮ್ಮ.

ಒಂದು ದಿನ ಯಾವುದೋ ತೋಟದ ಲೆಕ್ಕ ಬರೆಯುವ ರೈಟರು ಊಟಕ್ಕೆ ಬಂದಿದ್ದರಂತೆ. ವಯಸ್ಸಾದವರು, ಜೈನರು. ತಮ್ಮವರೊಬ್ಬರು ಅಡುಗೆಮನೆಯಲ್ಲಿದ್ದಾರೆಂದು ಕೇಳಿ, ಧೈರ್ಯದಿಂದ ಕೂತವರು. ಹೇಮರಾಜನೇ ತಟ್ಟೆ ತೆಗೆದುಕೊಂಡು ಹೋದ. ಕುರಿಯದೂ ಬಾಳೆಕಾಯಿಯದೂ ಎರಡು ತಟ್ಟೆ ಪಕ್ಕಪಕ್ಕದಲ್ಲಿದ್ದವು, ಎಲುಬಿನ ತುದಿ ರವೆಯಲ್ಲಿ ಮುಚ್ಚಿಹೋಗಿತ್ತು, ಅವಸರದಲ್ಲಿ ಕೈಗೆ ಬಂದದ್ದು ಕುರಿಯದು. ರೈಟರು ಕಚ್ಚಿದಾಗ ಹಲ್ಲಿಗೆ ಎಲುಬು ಸಿಕ್ಕಿತು. ಅವರು ಬೈಯಲಿಲ್ಲ, ಕೂಗಲಿಲ್ಲ. ಎದ್ದು ಹೋಗಿ ಬಾಯಿ ತೊಳೆದರು. ತೊಳೆಯುತ್ತಲೇ ಇದ್ದರು. ಮೂರು ದಿನ ನೀರು ಕೂಡ ಮುಟ್ಟಲಿಲ್ಲವೆಂದು ಆಮೇಲೆ ಕೇಳಿದ್ದು.

“ಯಾರು ಕೊಟ್ಟದ್ದು ಅಂತ ಬಟ್ಲರ್ ಕೇಳಿದ. ಕೇಳುವಾಗಲೇ ಎಲ್ಲರೂ ನನ್ನನ್ನು ನೋಡ್ತಿದ್ರು. ಮಾಂಸ ಅಂದ್ರೆ ನಾನಲ್ವಾ? ನಾನೇ ಅಂತ ಹೇಳಿದೆ.”

“ಅವರು?” ಎಂದರು ಪದ್ಮಲತಾ.

“ಅವ ಅಲ್ಲಿಯೇ ಇದ್ದ. ಅಡ್ಡಗೋಡೆಗೆ ಒರಗಿ ನಿಂತಿದ್ದ. ಬಾಯಿ ಬಿಡ್ಲಿಲ್ಲ.”

ಹನೀಫಾ ಕೋಪದಿಂದ ಹೇಳಲಿಲ್ಲ. ಬಹಳ ಹಳೆಯ ಗಾಯದ ಜಾಗವನ್ನು ತೋರಿಸುವವರ ಹಾಗೆ ಹೇಳಿದರು. ತಾನು ದೊಡ್ಡ ಮನುಷ್ಯನಾಗಲು ಹಾಗೆ ಹೇಳಿದ್ದಲ್ಲ ಎಂದೂ ಸೇರಿಸಿದರು. ಹೇಗೂ ತನ್ನ ಮೇಲೆಯೇ ಬರುತ್ತಿತ್ತು. ಹೇಮರಾಜ ಒಪ್ಪಿಕೊಂಡಿದ್ದರೆ ಅವನ ಜನ ಅವನನ್ನು ಯಾವ ಅಡುಗೆಮನೆಗೂ ಸೇರಿಸುತ್ತಿರಲಿಲ್ಲ. ಇಬ್ಬರೂ ಹಾಳಾಗುವುದು ಯಾಕೆ? ಆ ಸಂಜೆಯೇ ಹನೀಫಾರನ್ನು ಕೆಲಸದಿಂದ ಬಿಡಿಸಿದರು. ಊರಿಗೆ ಬರುವಾಗ, ಬೇಕೆಂದೇ ಜೈನರ ಬಾಯಿಗೆ ಮಾಂಸ ಇಟ್ಟವನು ಎಂಬ ಮಾತು ಅವರಿಗಿಂತ ಮೊದಲೇ ಘಾಟಿ ಇಳಿದಿತ್ತು. ಎಷ್ಟೋ ವರ್ಷ ಯಾವ ಹೋಟೆಲಿನವರೂ ಅವರನ್ನು ಒಲೆಯ ಹತ್ತಿರ ಸೇರಿಸಲಿಲ್ಲ. ಮರದ ಡಿಪೋದಲ್ಲಿ ದಿಮ್ಮಿ ಎತ್ತಿದರು. ಮೊಣಕಾಲು ಅಲ್ಲಿ ಹೋದದ್ದು.

“ಕಡ್ಡಿ?” ಎಂದಳು ತನ್ವಿ, ಮೆಲ್ಲಗೆ.

“ಅದು ನಾನು ಹೇಳಿದ್ದು ಮಗಾ. ಪೆಟ್ಟಿಗೆ ಹೊತ್ತುಕೊಂಡು ಬಸ್ಸಿಗೆ ನಿಂತಿದ್ದೆ. ನಿನ್ನ ಅಜ್ಜ ಹಿಂದೆಯೇ ಬಂದ. ಅಳ್ತಿದ್ದ, ಮಾತಿಲ್ಲ. ನನಗೆ ಸಾಕಾಗಿ ಹೋಗಿತ್ತು. ಅಲ್ಲಿ ಗುಡಿಸುವ ಹಿಡಿಸೂಡಿ ಬಿದ್ದಿತ್ತು, ಅದರ ಒಂದು ಕಡ್ಡಿ ಕಿತ್ತು ಅವನ ಕೈಗೆ ಕೊಟ್ಟೆ. ನಾಳೆಯಿಂದ ನಿನ್ನದಕ್ಕೆ ಇದನ್ನು ಚುಚ್ಚು ಮಾರಾಯ, ತಿನ್ನುವವ ಬಾಯಿಗೆ ಹಾಕುವ ಮೊದಲು ಕೈಯಲ್ಲಿ ಹಿಡೀತಾನೆ, ಹಿಡಿದ ಕೂಡಲೇ ಗೊತ್ತಾಗ್ಲಿ, ಇದು ಎಲುಬಲ್ಲ ಅಂತ.”

ಪದ್ಮಲತಾರ ಎದೆಯ ಮೇಲಿನ ಒಂದು ಕಲ್ಲು ಇಳಿದಿತ್ತು. ಎಲುಬೆಂದು ತೋರಿಸಲು ಹಾಕಿದ ಕಡ್ಡಿಯಲ್ಲ. ಎಲುಬಲ್ಲವೆಂದು ಹೇಳಲು ಹಾಕಿದ ಕಡ್ಡಿ. ಮೊಮ್ಮಗಳು ಓದಿದ ಮಾತಿನ ಅರ್ಥ ನಿಜವೇ. ಆದರೆ ಆ ಕೈಯ ಸಂಕಲ್ಪ ಅದಕ್ಕೆ ತಿರುಗುಮುರುಗಾಗಿತ್ತು. ಆ ಕಲ್ಲು ಇಳಿದ ಜಾಗದಲ್ಲೇ ಇನ್ನೊಂದು ಬಂದು ಕೂತಿತು. ಅಂದು ಗಂಡ ಬಾಯಿ ಬಿಡದೆ ನಿಂತದ್ದು; ಇದು ಅದಕ್ಕಿಂತ ಭಾರ.

“ನಮ್ಮ ಊಟದಲ್ಲಿ ಮಾಂಸವೇ ಇಲ್ಲವಲ್ಲ ಸಾಹೇಬ್ರೆ. ಅಲ್ಲಿ ಕಡ್ಡಿಯ ಅಗತ್ಯ ಏನಿತ್ತು?”

“ತಿನ್ನುವವರಿಗೆ ಇರ್ಲಿಲ್ಲ ಅಕ್ಕ. ಅವನಿಗೆ ಇತ್ತು.”

ಒಂದು ಮದುವೆಗೆ ಸಾವಿರ ಕಡ್ಡಿ. ಹಿಂದಿನ ದಿನ ಮಧ್ಯಾಹ್ನ ಕೂತು ತಾವೇ ಒಂದೊಂದನ್ನು ಮುರಿಯುತ್ತಿದ್ದರು ಹೇಮರಾಜರು. ಆ ಕೆಲಸವನ್ನು ಬೇರೆಯವರಿಗೆ ಬಿಟ್ಟದ್ದಿಲ್ಲ. ಹೆಂಡತಿ ಮುರಿದುಕೊಡುತ್ತೇನೆಂದು ಹೋದಾಗಲೂ ಬೇಡವೆನ್ನುತ್ತಿದ್ದರು. ಆ ಬಾಗಿದ ಬೆನ್ನು, ಪಟ್ ಪಟ್ ಎಂಬ ಸದ್ದು ಪದ್ಮಲತಾರಿಗೆ ಅಲ್ಲಿ ಕೂತಲ್ಲಿಗೇ ಕಂಡಿತು, ಕೇಳಿತು. ನಲವತ್ತೆಂಟು ವರ್ಷ ಪಕ್ಕದಲ್ಲಿದ್ದೂ ಆ ಸದ್ದು ಏನೆಂದು ತನಗೆ ತಿಳಿಯಲಿಲ್ಲ. ತಿಳಿಸಲಿಲ್ಲ ಅವರು. ಸಿಟ್ಟು ಬರಬೇಕಿತ್ತು. ಸಿಟ್ಟಿಗೂ ಶಕ್ತಿ ಬೇಕು.

ಅವರು ಎದ್ದು ನಿಂತು ಕೈಮುಗಿದರು. “ಒಬ್ಬರಲ್ಲಿ ಕೇಳುವುದು ಬಾಕಿ ಉಂಟು ಅಂತ ಹೇಳಿಯೇ ಹೋದ್ರು. ಅದು ನೀವೇ. ಅವರ ಪರವಾಗಿ ನಾನು ಕೇಳ್ತೇನೆ. ಕ್ಷಮಿಸಿದೆ ಅಂತ ಹೇಳಿಬಿಡಿ.”

ಹನೀಫಾ ಆ ಮುಗಿದ ಕೈಗಳನ್ನು ನೋಡಿದರು; ದೃಷ್ಟಿ ತೆಗೆದು ರಸ್ತೆಯ ಕಡೆ ನೋಡಿದರು.

“ಅದು ಅವ ಕೇಳ್ಬೇಕಿತ್ತು ಅಕ್ಕ. ನೀವು ಕೇಳಿದ್ರೆ ನಾನು ಏನು ಹೇಳುವುದು? ಎರಡು ಗಂಟೆ ದಾರಿ. ಐವತ್ತು ವರ್ಷ ಬಸ್ಸಲ್ಲಿ ಕಟ್ಲೆಟ್ಟು ಬಂತು, ಅವ ಬರ್ಲಿಲ್ಲ.”

ಅವ್ವಮ್ಮ ಗಂಡನನ್ನು ಗದರಿದರು, ಸತ್ತವರ ಮೇಲೆ ಏನು ಲೆಕ್ಕ ಎಂದು. ಪದ್ಮಲತಾ ಅವರನ್ನು ತಡೆದರು. ಆ ಮಾತು ನ್ಯಾಯದ್ದೆಂದು ಅವರಿಗೆ ಗೊತ್ತಿತ್ತು. ಕೈ ಇಳಿಸಿ ಮತ್ತೆ ಕೂತರು. ಪೊಟ್ಟಣ ಬಂದಾಗ ನೀವು ತಿನ್ನುತ್ತಿದ್ದಿರಾ ಎಂದು ಕೇಳಿದರು.

ಮೊದಲನೆಯದನ್ನು ನಾಯಿಗೆ ಹಾಕಿದೆ ಎಂದರು ಹನೀಫಾ. ಎರಡನೆಯದನ್ನೂ ಹಾಕಿದೆ. ಮೂರನೆಯದಕ್ಕೆ ಹೆಂಡತಿ ಬಿಡಲಿಲ್ಲ. ರುಚಿ ಇತ್ತು, ಏನು ಮಾಡುವುದು. ಕಡ್ಡಿ ಎಳೆದು ತಿಂದು, ಕಡ್ಡಿಯನ್ನು ಬಿಸಾಡಲು ಮನಸ್ಸಾಗದೆ ಮಾಡಿನ ಸಂದಿಗೆ ಸಿಕ್ಕಿಸುತ್ತಿದ್ದರಂತೆ. ತನ್ವಿ ತಲೆಯೆತ್ತಿ ನೋಡಿದಳು. ಹಂಚಿನ ಕೆಳಗಿನ ಅಡ್ಡಪಟ್ಟಿಯ ಸಂದಿಯಲ್ಲಿ ಹೊಗೆಗೆ ಕಪ್ಪಾದ ಬೆರಳುದ್ದದ ಕಡ್ಡಿಗಳು ಸಾಲಾಗಿ ನಿಂತಿದ್ದವು. ಎಷ್ಟೋ ಬಿದ್ದುಹೋಗಿದ್ದವು, ಉಳಿದವೇ ಒಂದು ಹಿಡಿಸೂಡಿಗೆ ಸಾಕಾಗುವಷ್ಟಿದ್ದವು.

ಹೊರಡುವಾಗ ಹನೀಫಾ ಅಂಗಳದವರೆಗೆ ಕುಂಟುತ್ತ ಬಂದರು. ವರ್ಷದ ಊಟ ಯಾವಾಗ ಎಂದು ಕೇಳಿದರು. ಕಟ್ಲೆಟ್ಟು ಮಾಡಿಸುತ್ತೀರಾ ಎಂದೂ ಕೇಳಿದರು. ಬರುವಾಗ ಇಲ್ಲದ ಉತ್ತರ ಈಗ ಪದ್ಮಲತಾರಲ್ಲಿತ್ತು.

“ಮಾಡಿಸ್ತೇನೆ. ಕಡ್ಡಿ ಹಾಕಿಯೇ ಮಾಡಿಸ್ತೇನೆ.”

“ಹಾಗಾದ್ರೆ ನನ್ನದು ಕಳಿಸಿ” ಎಂದರು ಹನೀಫಾ.

ಬಸ್ಸಿನಲ್ಲಿ ತನ್ವಿ ಮತ್ತೆ ಆ ಪುಟದ ಮಾತು ತೆಗೆದಳು. ತೆಗೆಯಬೇಡ ಎಂದರು ಅಜ್ಜಿ. ಮಾತಿನ ಅರ್ಥ ಸರಿಯಾಗಿಯೇ ಉಂಟು, ಅದು ಇರಲಿ. ಕಡ್ಡಿಯ ಸಾಲನ್ನು ಮಾತ್ರ ಹೊಡೆದುಹಾಕಿ, ಕಕ್ಕಿಂಜೆಯ ಒಬ್ಬರು ಹೇಳಿಕೊಟ್ಟದ್ದು ಎಂದು ಬರೆ. ಯಾರೆಂದು ಮೇಷ್ಟ್ರು ಕೇಳಿದರೆ ಎಂದಳು ಹುಡುಗಿ. ಪದ್ಮಲತಾ ಯೋಚಿಸಿದರು. ಹೆಸರು ಮುಚ್ಚಿಟ್ಟೇ ಇಷ್ಟೆಲ್ಲ ಆದದ್ದಲ್ಲವೇ?

“ಹೆಸರು ಬರೆ” ಎಂದರು.

ವರ್ಷದ ದಿನ ಅಭಿಷೇಕ ಚೆನ್ನಾಗಿ ನಡೆಯಿತು. ಹಿಂದಿನ ಮಧ್ಯಾಹ್ನ ಪದ್ಮಲತಾ ಒಬ್ಬರೇ ಕೂತು ಮುನ್ನೂರಕ್ಕೂ ಹೆಚ್ಚು ಕಡ್ಡಿ ಮುರಿದಿದ್ದರು. ಬೆರಳ ತುದಿ ಉರಿಯುತ್ತಿತ್ತು. ಊಟಕ್ಕೆ ಬಂದವರು ಹೇಮರಾಜರ ಕೈರುಚಿ ಮಗನಿಗೂ ಬಂದಿದೆ ಎಂದು ಹೊಗಳಿ, ಕಡ್ಡಿ ಎಳೆದು ಎಲೆಯ ಬದಿಗಿಟ್ಟರು. ಪದ್ಮಲತಾ ತಮ್ಮ ಎಲೆಗೆ ಕಟ್ಲೆಟ್ಟು ಹಾಕಿಸಿಕೊಳ್ಳಲಿಲ್ಲ. ಮೊದಲ ಬಾಣಲೆಯ ಹನ್ನೆರಡನ್ನು ಬಾಳೆ ಎಲೆಯಲ್ಲಿ ಕಟ್ಟಿ ಬೇರೆಯಾಗಿ ಇಟ್ಟಿದ್ದರು. ಎರಡು ಗಂಟೆಗೆ ಅದನ್ನು ಎತ್ತಿಕೊಂಡು ಸ್ಟ್ಯಾಂಡಿಗೆ ನಡೆದರು. ಈಗ ಹೋದರೆ ಹೊತ್ತು ಮುಳುಗುವ ಮೊದಲು ಮನೆಗೆ ಮುಟ್ಟುವುದಿಲ್ಲ, ರಾತ್ರಿ ಉಪವಾಸವೇ ಆಗುತ್ತದೆ ಎಂದು ಜಯೇಶ್ ಹಿಂದಿನಿಂದ ಹೇಳಿದ. ಆಗಲಿ ಎಂದರು.

ಬೆಳ್ತಂಗಡಿಯ ಬಸ್ಸಿನ ಕಂಡಕ್ಟರು ಹಳಬ. ಬಾಳೆ ಎಲೆಯ ಪೊಟ್ಟಣವನ್ನು ಕಂಡ ಕೂಡಲೇ ಗುರುತು ಹಿಡಿದು ಕೈ ಚಾಚಿದ.

“ಕಕ್ಕಿಂಜೆಗಲ್ವಾ ಅಮ್ಮ? ಕೊಡಿ, ನಾನು ಮುಟ್ಟಿಸ್ತೇನೆ. ಹೇಮಣ್ಣ ಇರುವಾಗಲೂ ನಾನೇ ಅಲ್ವಾ. ನೀವು ಈ ಬಿಸಿಲಲ್ಲಿ ಯಾಕೆ?”

ಮೈ ದಣಿದಿತ್ತು. ಮನೆಯ ಬೆಂಚು ಕರೆಯುತ್ತಿತ್ತು. ಕೊಟ್ಟುಬಿಟ್ಟರೆ ಪೊಟ್ಟಣ ತನ್ನಷ್ಟಕ್ಕೆ ಹೋಗಿ ಮುಟ್ಟುತ್ತದೆ, ಐವತ್ತು ವರ್ಷ ಮುಟ್ಟಿದ ಹಾಗೆಯೇ.

“ಬೇಡ ಮಗಾ. ಟಿಕೆಟು ಕೊಡು, ನಾನು ಬರ್ತೇನೆ” ಎಂದು ಪದ್ಮಲತಾ ಕಂಬಿ ಹಿಡಿದು ಮೆಟ್ಟಿಲು ಹತ್ತಿದರು. ಕಿಟಕಿಯ ಪಕ್ಕದಲ್ಲಿ ಕೂತು ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡರು. ಅದು ಇನ್ನೂ ಬೆಚ್ಚಗಿತ್ತು.